ಅಟ್ಟದ ಮೇಲಿನ ದೆವ್ವ

ದೆವ್ವ ಹಿಡಿದವರನ್ನು ಬಿಡಿಸಲು ಮಂತ್ರವಾದಿಗಳಿದ್ದಾರೆ. ದೆವ್ವದ ಸಿನಿಮಾ ರೀಲುಗಳ ಹುಚ್ಚು ಹಿಡಿದವರಿಗೆ ಯಾರಿದ್ದಾರೆ?

ನನ್ನ ಅಟ್ಟದ ಮೇಲೆ 16 ಎಂಎಂ ಡಬ್ಬಿಗಳಲ್ಲಿ 1922ರ ಜರ್ಮನಿಯ ರಕ್ತಪಿಶಾಚಿ ‘ನೊಸ್ಫೆರಾಟು’ ಮಲಗಿದೆ. ‘ಡ್ರಾಕುಲಾ’ ಕಾದಂಬರಿಯ ಹಕ್ಕು ಕೊಳ್ಳದೆ ತೆಗೆದ ಚಿತ್ರವಿದು. ಕಾದಂಬರಿಕಾರ ಬ್ರಾಮ್ ಸ್ಟೋಕರ್‌ನ ವಿಧವೆ ದಾವೆ ಹೂಡಿ ಗೆದ್ದರು. ಪ್ರಿಂಟುಗಳನ್ನೆಲ್ಲ ನಾಶಮಾಡಿ ಎಂದಿತು ಕೋರ್ಟು. ಪಿಶಾಚಿ ಕೋರ್ಟಿನ ಮಾತು ಕೇಳುತ್ತದೆಯೇ? ಅಲ್ಲೊಂದು ಇಲ್ಲೊಂದು ಪ್ರತಿ ಅಡಗಿ ಕುಳಿತು ಬದುಕಿಕೊಂಡಿತು.

ಮೊನ್ನೆ ಅಮಾವಾಸ್ಯೆ ರಾತ್ರಿ ಗೆಳೆಯರನ್ನು ಕರೆದು, ಗೋಡೆಗೆ ಬಿಳಿ ಪಂಚೆ ಕಟ್ಟಿದೆ. ಡಬ್ಬಿ ತೆರೆದೊಡನೆ ಗಪ್ಪೆಂದು ಹುಳಿ ವಾಸನೆ.

“ಉಪ್ಪಿನಕಾಯಿ ಕೆಟ್ಟಿತೇನ್ರೀ?” ಎಂದಳು ಹೆಂಡತಿ.

ಅಸಿಟೇಟ್ ಫಿಲ್ಮು ಕೊಳೆಯತೊಡಗಿದರೆ ವಿನೆಗರ್ ವಾಸನೆಯೇ ಬರುವುದು. ಜೊತೆಗೆ ಕುಗ್ಗುತ್ತದೆ, ಅಂಚಿನ ತೂತು ಪ್ರೊಜೆಕ್ಟರಿನ ಹಲ್ಲಿಗೆ ಕೂರುವುದಿಲ್ಲ. ಪಿಶಾಚಿಯ ನೆರಳು ಮೆಟ್ಟಿಲೇರುತ್ತಿದ್ದಾಗಲೇ ರೀಲು ಸಿಕ್ಕಿಕೊಂಡು, ಪರದೆಯ ನಡುವೆ ಕಂದು ಗುಳ್ಳೆ ಎದ್ದಿತು. ಗೆಳೆಯರು ಕಿರುಚಿದರು; ನಾನು ಅವರಿಗಿಂತ ಜೋರಾಗಿ. ಅವರಿಗೆ ಪಿಶಾಚಿಯ ಭಯ, ನನಗೆ ಫಿಲ್ಮು ಸುಟ್ಟೀತೆಂಬ ಭಯ!

ನಿಮ್ಮಲ್ಲೂ ಹಳೆ ರೀಲಿದ್ದರೆ ತಂಪಾದ, ತೇವವಿಲ್ಲದ ಜಾಗದಲ್ಲಿಡಿ. ಹುಳಿ ಹಿಡಿದ ಡಬ್ಬಿಯನ್ನು ಬೇರೆಯೇ ಇಡಿ. ಆ ರೋಗ ಪಕ್ಕದ ಡಬ್ಬಿಗೂ ಮೆಟ್ಟಿಕೊಳ್ಳುತ್ತದೆ, ಥೇಟ್ ದೆವ್ವದಂತೆ.