ಸಕ್ಕರೆ ನಾಡಿನ ಸರಾಸರಿ ರೈತ

‘ಮಂಡ್ಯ ಅಂದ್ರೆ ಇಂಡಿಯಾ’ ಎಂದು ಆಟೊ ಹಿಂದೆ ಬರೆಸಿಕೊಂಡವರು ಡೇಟಾಬೇಸಿನ ‘ಗ್ರೂಪ್ ಬೈ’ ಹಾಕಿ, ಅಂದರೆ ಗುಂಪು ಗುಂಪಾಗಿ ಬಿಡಿಸಿ ನೋಡಿದವರಲ್ಲ. ಹಾಕಿದ್ದರೆ ಏಳು ತಾಲ್ಲೂಕಿಗೆ ಏಳು ಸಾಲು ಬರುತ್ತಿತ್ತು. ನಾಗಮಂಗಲದ ಸಾಲು ಓದುವ ಹೊತ್ತಿಗೆ ಆಟೊದವನು ಬರಹ ಅಳಿಸಿ ‘ದೇವರ ದಯೆ’ ಅಂತ ಬರೆಸುತ್ತಿದ್ದ.

ಏಳನ್ನೂ ಕಲಸಿ ಸರಾಸರಿ ತೆಗೆದಾಗ ಸಿಗುವ ಊರೇ ಸಕ್ಕರೆ ನಾಡು. ಕನ್ನಂಬಾಡಿ 124.80 ಅಡಿ ಮುಟ್ಟಿದರೆ ಮುಖ್ಯಮಂತ್ರಿ ಬಂದು ಬಾಗಿನ ಬಿಡುತ್ತಾರೆ, ಟೀವಿಯಲ್ಲಿ ಮಂಡ್ಯ ರೈತರ ಮೊಗದಲ್ಲಿ ಮಂದಹಾಸ ಮೂಡುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರದವರು ನಕ್ಕರೆ ಸರಿ, ಗದ್ದೆ ಬಯಲಿಗೆ ವಿಶ್ವೇಶ್ವರಯ್ಯ ನಾಲೆ ಇದೆ. ಕೆ.ಆರ್. ಪೇಟೆಯವರು ಹೇಮಾವತಿ ಕಡೆ ನೋಡಿಕೊಂಡು ಅರ್ಧ ನಗಬಹುದು. ನಾಗಮಂಗಲದ ಆದಿಚುಂಚನಗಿರಿ ಬುಡದಲ್ಲಿ, ಬೆಳ್ಳೂರು ಹೋಬಳಿಯಲ್ಲಿ ರಾಗಿ ಬಿತ್ತಿ ಮೋಡ ಎಣಿಸುತ್ತ ಕೂತವನೂ ಅದೇ ಮಂದಹಾಸ ಬೀರಬೇಕು. ಜಿಲ್ಲೆ ಒಂದೇ ತಾನೇ!

ಈ ಮಂದಹಾಸ ತಯಾರಿಸುವ ವಿದ್ಯೆಯನ್ನು ಎಲ್ಲಿಂದಲೋ ತರಿಸಬೇಕಿಲ್ಲ. ಅದೇ ಬೆಟ್ಟದ ಪಕ್ಕ ಬಿ.ಜಿ. ನಗರದಲ್ಲಿ ಎಂಜಿನಿಯರಿಂಗ್ ಕಾಲೇಜಿದೆ, ಈಗ ವಿಶ್ವವಿದ್ಯಾಲಯವೂ ಇದೆ. ಎಂಜಿನಿಯರಿಂಗ್ ಓದುವ ಹುಡುಗರಿಗೆ ಡೇಟಾಬೇಸ್ ತಪ್ಪಿದ್ದಲ್ಲ. ಡೇಟಾಬೇಸ್ ಎಂದಮೇಲೆ ಕೌಂಟ್, ಸಮ್, ಆವರೇಜ್, ಮ್ಯಾಕ್ಸ್, ಮಿನ್ ಎಂಬ ಪಂಚದೇವತೆಗಳೂ ತಪ್ಪುವುದಿಲ್ಲ. ಲಕ್ಷ ಸಾಲು ನುಂಗಿ ಒಂದು ಅಂಕಿ ಉಗುಳುವುದು ಇವರ ಮಹಿಮೆ. ಎಷ್ಟೋ ಬ್ಯಾಚಿನ ಹುಡುಗರು ಇವರನ್ನು ಒಲಿಸಿಕೊಂಡದ್ದು ಒರಾಕಲ್ ಕಂಪನಿಯ ‘ಎಂಪ್’ ಎಂಬ ಹಳೇ ಟೇಬಲ್ಲಿನ ಮೇಲೆ. ಅದರಲ್ಲಿ 14 ನೌಕರರು, ನ್ಯೂಯಾರ್ಕ್, ಡಲ್ಲಾಸ್, ಶಿಕಾಗೋದಲ್ಲಿ ಕೆಲಸ. ಸ್ಮಿತ್‌ಗೆ ಸಂಬಳ 800, ಯಜಮಾನ ಕಿಂಗ್‌ಗೆ 5000, ಸರಾಸರಿ 2073 ಚಿಲ್ಲರೆ. ಹದಿನಾಲ್ಕು ಜನರಲ್ಲಿ ಒಬ್ಬನೂ ಆ ಸಂಬಳ ಕಂಡವನಲ್ಲ. ಹೀಗೆ ಯಾರಿಗೂ ಸೇರದ ದುಡ್ಡನ್ನು ಎಲ್ಲರ ಹೆಸರಿಗೂ ಬರೆಯುವುದನ್ನು ನಮ್ಮ ಹುಡುಗರು ಮುದ್ದೆ ಉಂಡು ಬಂದು ಕಲಿಯುತ್ತಾರೆ.

ಅದೇ ಟೇಬಲ್ಲಿನಲ್ಲಿ ಕಮಿಷನ್ ಅಂತ ಇನ್ನೊಂದು ಕಾಲಂ ಇದೆ. ನಾಲ್ಕು ಜನರ ಮುಂದೆ ಮಾತ್ರ ಅಂಕಿ: 300, 500, 1400, ಮತ್ತೆ ಪಾಪ ಟರ್ನರ್ ಎಂಬುವನ ಮುಂದೆ ಸೊನ್ನೆ. ಮಿಕ್ಕ ಹತ್ತು ಮನೆ ಖಾಲಿ. ಅದಕ್ಕೆ ‘ನಲ್’ ಎನ್ನುತ್ತಾರೆ. ಸರಾಸರಿ ಕೇಳಿ, 550 ಎನ್ನುತ್ತದೆ! ಟರ್ನರ್‌ನ ಸೊನ್ನೆಯನ್ನು ಮರ್ಯಾದೆಯಾಗಿ ಲೆಕ್ಕಕ್ಕೆ ಹಿಡಿದು ನಾಲ್ಕರಿಂದ ಭಾಗಿಸಿತು, ಖಾಲಿ ಬಿಟ್ಟ ಹತ್ತು ಮಂದಿ ಹುಟ್ಟಿಯೇ ಇಲ್ಲವೆಂದುಕೊಂಡಿತು. ಹದಿನಾಲ್ಕರಿಂದ ಭಾಗಿಸಿದ್ದರೆ 157. ಆಡಳಿತ ನಡೆಸುವವರಿಗೆ ಇದಕ್ಕಿಂತ ದೊಡ್ಡ ಪಾಠ ಚಾಣಕ್ಯನೂ ಹೇಳಲಿಲ್ಲ. ಬಡವನ ಮುಂದೆ ಸೊನ್ನೆ ಬರೆದರೆ ಸರಾಸರಿ ಇಳಿಯುತ್ತದೆ, ಏನೂ ಬರೆಯದಿದ್ದರೆ ಏರುತ್ತದೆ.

ಇದು ಡಲ್ಲಾಸಿನ ಸ್ಮಿತ್ತನ ಪಾಡು, ನಮಗೇನು ಅಂದುಕೊಳ್ಳುವವರು ಬೆಳೆ ವಿಮೆಯ ನಿಯಮ ಓದಬೇಕು. ಮುಖ್ಯ ಬೆಳೆಯಾದರೆ ಗ್ರಾಮ ಪಂಚಾಯಿತಿಯೇ ಗ್ರೂಪ್ ಬೈ. ಪಂಚಾಯಿತಿಗೆ ನಾಲ್ಕು ಬೆಳೆ ಕಟಾವು ಪ್ರಯೋಗ, ಅವುಗಳ ಸರಾಸರಿಯೇ ಊರಿನವರೆಲ್ಲರ ಇಳುವರಿ. ಹೋಲಿಸುವುದಕ್ಕೆ ಖಾತರಿ ಇಳುವರಿ ಬೇರೆ: ಹಿಂದಿನ ಏಳು ವರ್ಷಗಳಲ್ಲಿ ಚೆನ್ನಾಗಿ ಬೆಳೆದ ಐದರ ಸರಾಸರಿ ತೆಗೆದು, ಅದರಲ್ಲಿ ಇಷ್ಟು ಪಾಲು ಎಂದು ಕಟ್ಟುತ್ತಾರೆ. ಸರಾಸರಿಯ ಎದುರಿಗೆ ಸರಾಸರಿ ನಿಂತು ಕುಸ್ತಿ ಆಡುತ್ತದೆ, ರೈತ ಬೇಲಿ ಆಚೆ ನಿಂತು ನೋಡಬೇಕು.

ಒಂದು ಪಂಚಾಯಿತಿಯಲ್ಲಿ ಎಕರೆಗೆ 12, 11, 13 ಕ್ವಿಂಟಲ್ ರಾಗಿ ಬಂತು, ನಾಲ್ಕನೇ ಹೊಲ ಒಣಗಿ ಸೊನ್ನೆ ಅಂತಿಟ್ಟುಕೊಳ್ಳಿ. ಸರಾಸರಿ 9. ಖಾತರಿ 10 ಇದ್ದರೆ ವಿಮೆ ಮೊತ್ತದ ಶೇ. 10ರಷ್ಟು ಪರಿಹಾರ, ಪೂರ್ತಿ ಒಣಗಿದವನಿಗೂ ಅಷ್ಟೇ, 13 ಕ್ವಿಂಟಲ್ ಬೆಳೆದು ಮೀಸೆ ತಿರುವಿದವನಿಗೂ ಅಷ್ಟೇ. ಸಮಾಜವಾದ ಇಷ್ಟು ಸಲೀಸಾಗಿ ಬೇರೆಲ್ಲೂ ಜಾರಿಯಾಗಿಲ್ಲ. ಇನ್ನು ನಾಲ್ಕನೇ ಹೊಲದಲ್ಲಿ ಕೊಯ್ಯುವುದಕ್ಕೆ ಏನೂ ಇಲ್ಲವಲ್ಲ ಅಂತ ಯಾರಾದರೂ ಆ ಮನೆ ಖಾಲಿ ಬಿಟ್ಟರೋ, ಸರಾಸರಿ 12! ಖಾತರಿ ದಾಟಿತು, ಪರಿಹಾರ ಮುಗಿಯಿತು, ಬರವೂ ಮುಗಿಯಿತು. ಒಂದು ಹನಿ ಮಳೆ ಬೀಳದೆ.

ನಾಲೆ ಬಯಲಿನವರು ಹೆಚ್ಚು ಹಿಗ್ಗುವುದು ಬೇಡ. 2025–26ರ ಕಬ್ಬಿಗೆ ಕೇಂದ್ರ ಕಟ್ಟಿದ ಎಫ್‌ಆರ್‌ಪಿ ಎಂಬ ಕನಿಷ್ಠ ದರ ಕ್ವಿಂಟಲಿಗೆ 355 ರೂಪಾಯಿ, ಅದು ಶೇ. 10.25 ಸಕ್ಕರೆ ಇಳುವರಿಗೆ. ಆ ಇಳುವರಿ ನಿಮ್ಮ ಜಲ್ಲೆಯದಲ್ಲ, ಕಾರ್ಖಾನೆ ಅರೆದ ಅಷ್ಟೂ ಕಬ್ಬಿನದು. ಒಳಗೆ ಹೋಗುವಾಗ ನಿಮ್ಮ ಕಬ್ಬು, ಹೊರಗೆ ಬರುವಾಗ ಸರಾಸರಿ ಕಬ್ಬು.

ಪಂಚದೇವತೆಗಳಲ್ಲಿ ದಯಾಮಯಿ ಎಂದರೆ ಕೌಂಟ್ ಒಂದೇ, ಅದೂ ಸ್ಟಾರ್ ಹಚ್ಚಿಕೊಂಡ ‘ಕೌಂಟ್ ಸ್ಟಾರ್’. ಸಾಲು ಖಾಲಿಯೋ ತುಂಬಿದೆಯೋ, ಬದುಕಿದ್ದಾನೋ ಸತ್ತಿದ್ದಾನೋ ಕೇಳುವುದಿಲ್ಲ, ಎಲ್ಲರನ್ನೂ ಎಣಿಸುತ್ತದೆ. ಪೌತಿ ಖಾತೆ ಆಗದ ಪಹಣಿಗಳಲ್ಲಿ ನಮ್ಮ ಅಜ್ಜ, ಮುತ್ತಜ್ಜಂದಿರು ಈಗಲೂ ಹೊಲ ಉಳುತ್ತಿರುವುದು ಅದರ ಕೃಪೆಯಿಂದಲೇ. ರೈತರೆಷ್ಟು ಎಂದು ಕೇಳಿದಾಗ ಅವರು ಲೆಕ್ಕಕ್ಕುಂಟು, ದುಡ್ಡು ಬರುವಾಗ ಮಾತ್ರ ಆಟಕ್ಕಿಲ್ಲ. ಅಂಥ ಅಜ್ಜನ ಮೊಮ್ಮಗ ಪಹಣಿ ಹಿಡಿದು ಕಚೇರಿಗೆ ಹೋದರೆ ಮಾತುಕತೆ ಹೀಗಿರುತ್ತದೆ:

“ಆಧಾರ್ ಲಿಂಕ್ ಆಗಿಲ್ವಲ್ಲಯ್ಯ, ನಿಮ್ಮಜ್ಜನ್ನ ಕರ್ಕೊಂಡ್ ಬಾ.”

“ಅವ್ರು ತೀರ್ಕೊಂಡು ಮೂವತ್ತು ವರ್ಸ ಆಯ್ತು ಸ್ವಾಮಿ. ಆಧಾರ್ ಬರೋಕ್ ಮುಂಚೇನೇ ಹೋದ್ರು.”

“ಹಂಗಾ? ಹಂಗಾದ್ರೆ ಸೊನ್ನೆಗಿನ್ನೆ ಹಾಕ್ಬ್ಯಾಡ ಕಣಪ್ಪ. ಆ ಕಾಲಂ ಖಾಲಿ ಬಿಡು.”