ಮುಂದಿನ ಸೀಟಿನ ಧನ್ವಂತರಿ

ಟೆಂಪೋ ಟ್ರಾವೆಲರನ್ನು ಬಾಡಿಗೆಗೆ ಹಿಡಿದು ಸಕುಟುಂಬ ಸಪರಿವಾರರಾಗಿ ಕ್ಷೇತ್ರದರ್ಶನಕ್ಕೆ ಹೊರಡುವವರ ನಡುವೆ, ಚಾಲಕನ ಎಡಪಕ್ಕದ ಆಸನವನ್ನು ಪಿತ್ರಾರ್ಜಿತ ಸ್ವತ್ತೆಂಬಂತೆ ಆಕ್ರಮಿಸಿ, ವಾಹನದ ಆರೋಗ್ಯವಿಚಾರಣೆಯ ಭಾರವನ್ನು ಯಾರೂ ಹೊರಿಸದಿದ್ದರೂ ತಾವಾಗಿಯೇ ಹೊತ್ತುಕೊಳ್ಳುವ ಹಿರಿಯರೊಬ್ಬರು ಇಲ್ಲದಿರುವುದು ದುರ್ಲಭ. ನಮ್ಮ ಮನೆತನದಲ್ಲಿ ಆ ಪದವಿ ದೊಡ್ಡಪ್ಪನವರದು. ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಸೈಕಲ್ ತುಳಿದು ಓವರ್ಸಿಯರಿಕೆ ಮಾಡಿ ನಿವೃತ್ತರಾದ ಅವರಿಗೆ, ನೀರನ್ನು ಅಳೆದು ಬಿಟ್ಟವನಿಗೆ ಗಾಳಿಯೊಂದು ಲೆಕ್ಕವೇ ಎಂಬ ದೃಢವಾದ ನಂಬಿಕೆ.

ಕಳೆದ ಫಾಲ್ಗುಣದಲ್ಲಿ ಶ್ರೀರಂಗಪಟ್ಟಣದ ರಂಗನಾಥನಿಗೆ ಕೈಮುಗಿದು ಹೊರಟ ನಮ್ಮ ವಾಹನದ ಛಾವಣಿಯ ಏಸಿಯು, ಸ್ವಲ್ಪ ಹೊತ್ತು ತಂಗಾಳಿ ಬೀಸಿ, ಮತ್ತೆ ಬೆಚ್ಚನೆಯ ಉಸಿರುಬಿಟ್ಟು, ಪುನಃ ತಣಿದು, ಪುನಃ ಮುನಿಯುವ ಚಾಳಿಯನ್ನು ಹಿಡಿಯಿತು. ಊರ ಎಲ್ಲೆ ದಾಟುವ ಮೊದಲೇ ಪ್ರಥಮ ನಿದಾನ ಹೊರಬಿತ್ತು: ಕಾವೇರಿಯ ಎರಡು ಕವಲುಗಳ ನಡುವಣ ದ್ವೀಪವಾದ್ದರಿಂದ ಯಂತ್ರವು ತೇವ ಕುಡಿದಿದೆ. ವಿಲಿಸ್ ಕ್ಯಾರಿಯರ್ ಎಂಬ ಇಂಜಿನಿಯರು 1902ರಲ್ಲಿ ಈ ವಿದ್ಯೆಯನ್ನು ಹೂಡಿದ್ದೇ ಬ್ರೂಕ್ಲಿನ್ನಿನ ಮುದ್ರಣಾಲಯವೊಂದರ ಗಾಳಿಯ ತೇವವನ್ನು ಹದ್ದುಬಸ್ತಿನಲ್ಲಿಡುವುದಕ್ಕೆಂದು ಹಿಂದಿನ ಸಾಲಿನಿಂದ ಕಾಲೇಜು ಹುಡುಗನೊಬ್ಬ ನುಡಿಯಲು, "ಅದು ಅಲ್ಲಿನ ತ್ಯಾವ ಕಣ್ಲಾ, ಇದು ಕಾವೇರಿ ತ್ಯಾವ" ಎಂದು ಅವನ ಬಾಯಿ ಮುಚ್ಚಿಸಿದರು.

ಪಾಂಡವಪುರದಲ್ಲಿ ಕುಂತಿಬೆಟ್ಟದ ಬಂಡೆಗಳು ಕಂಡೊಡನೆ ನಿದಾನವೂ ಬದಲಾಯಿತು. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಫ್ರೆಂಚ್ ಪಡೆಗಳು ಬೀಡುಬಿಟ್ಟು ಫ್ರೆಂಚ್ ರಾಕ್ಸ್ ಎನಿಸಿಕೊಂಡಿದ್ದ ಊರದು; ಆ ಬಂಡೆಗಳ ಕಾವಿಗೆ ಫ್ರೆಂಚರೇ ನಿಲ್ಲಲಾರದೆ ಓಡಿದರೆಂದ ಮೇಲೆ ಈ ಬಡ ಏಸಿಯ ಪಾಡೇನು ಎಂದರು. ಚರಿತ್ರಕಾರರು ಇದನ್ನು ಎಲ್ಲಿಯೂ ಬರೆದಂತಿಲ್ಲ.

ಕೆ.ಆರ್. ಪೇಟೆ ಸಮೀಪಿಸುವಷ್ಟರಲ್ಲಿ, ಇಂತಹ ಸಮಸ್ತ ಮಹನೀಯರೂ ಕಡೆಗೆ ಬಂದು ಸೇರುವ ಸಿದ್ಧಾಂತಕ್ಕೆ ದೊಡ್ಡಪ್ಪನವರೂ ಬಂದು ಸೇರಿದರು: "ಗ್ಯಾಸ್ ಖಾಲಿಯಾಗದೆ." ಆ ಅನಿಲವೋ, ಮುಚ್ಚಿದ ಕೊಳವೆಗಳೊಳಗೇ ಸುತ್ತಿ ಬರುವಂಥದು, ಲಾಂದ್ರದ ಸೀಮೆಎಣ್ಣೆಯಂತೆ ಉರಿದು ತೀರುವುದಲ್ಲ. ಸೋರಿದರೆ ಮಾತ್ರ ಕಡಿಮೆಯಾದೀತು. ಸೋರಿದ ಸಂದಿನಲ್ಲಿ ಸಾಮಾನ್ಯವಾಗಿ ಎಣ್ಣೆಯ ಜಿಡ್ಡು ಸಾಕ್ಷಿ ನುಡಿದೀತು. ಆದರೆ ಸಾಕ್ಷಿಗಳನ್ನು ಕರೆಯಿಸುವ ಪದ್ಧತಿ ಈ ನ್ಯಾಯಾಲಯದಲ್ಲಿಲ್ಲ.

ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯದ ನಕ್ಷತ್ರಾಕಾರದ ಜಗತಿಯನ್ನು ಹೆಂಗಸರು ಮಕ್ಕಳೆಲ್ಲ ಪ್ರದಕ್ಷಿಣೆ ಬರುತ್ತಿದ್ದಾಗ, ಕ್ಲೀನರ್ ಹುಡುಗನು ಮೌನವಾಗಿ ತನ್ನ ಕೆಲಸಕ್ಕೆ ತೊಡಗಿದ. ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ, ಬಿಗಿಯಾಗಿತ್ತು. ಇಂಜಿನ್ ಚಾಲೂ ಮಾಡಿಸಿ ಕಂಪ್ರೆಸರಿನ ಬಳಿ ಕಿವಿಯಿಟ್ಟ. ಕ್ಲಚ್ಚು ಟಕ್ಕೆಂದು ಕಚ್ಚಿಕೊಂಡಿತು, ತುಸು ಹೊತ್ತಿಗೆ ಬಿಟ್ಟುಕೊಂಡಿತು. ಸಂದುಗಳಲ್ಲಿ ಜಿಡ್ಡಿರಲಿಲ್ಲ. ಹಿಂಬದಿಯ ಏಣಿಯೇರಿ ಛಾವಣಿಯ ಮುಚ್ಚಳ ತೆಗೆದವನೇ ಕೂಗಿಕೊಂಡ: "ಅಣ್ಣೋ, ಕಂಡೆನ್ಸರ್ ತುಂಬಾ ಹುಳ್ಳಿ ಹೊಟ್ಟು!"

ಸುಗ್ಗಿಯಲ್ಲಿ ನಾಗಮಂಗಲ, ಕೆ.ಆರ್. ಪೇಟೆಗಳ ಟಾರು ರಸ್ತೆಗಳೇ ಕಣವಾಗಿ, ಹೋಗಿಬರುವ ವಾಹನಗಳ ಚಕ್ರಗಳೇ ರೋಣಗಲ್ಲಾಗಿ ರಾಗಿ ಹುರುಳಿಗಳ ಒಕ್ಕಣೆ ನಡೆಯುವುದನ್ನು ಈ ಕಡೆಯವರೆಲ್ಲ ಬಲ್ಲರು. ಆ ಸುಗ್ಗಿಯಲ್ಲಿ ಹಾರಿದ ಹೊಟ್ಟು ಕೂದಲೆಳೆಯಷ್ಟು ತೆಳುವಾದ ಅಲ್ಯೂಮಿನಿಯಂ ಹಲ್ಲುಗಳ ನಡುವೆ ಮೆತ್ತಿಕೊಂಡಿದ್ದಿತು. ಒಳಗಿನ ಶಾಖವನ್ನು ಹೊರಗೆ ಚೆಲ್ಲಲು ಗಾಳಿಗೆ ಹಾದಿಯಿಲ್ಲದೆ ಕೊಳವೆಯ ಒತ್ತಡವೇರುತ್ತಿತ್ತು. ಏರಿದೊಡನೆ ಅಪಾಯ ಬೇಡವೆಂದು ಕಂಪ್ರೆಸರು ತಾನಾಗಿ ನಿಲ್ಲುತ್ತಿತ್ತು, ಇಳಿದ ಮೇಲೆ ಮತ್ತೆ ಓಡುತ್ತಿತ್ತು. ಹುಡುಗನು ಹಲ್ಲುಗಳು ಬಾಗದಂತೆ ಮೆತ್ತನೆಯ ಬ್ರಷ್ಷಿನಿಂದ ನೇರಕ್ಕೆ ಗೀಚಿ, ಬಕೆಟ್ಟಿನ ನೀರನ್ನು ಮೆಲ್ಲಗೆ ಹೊಯ್ದು ತೊಳೆದ. ಕೆಳಗೆ ನಿಂತ ದೊಡ್ಡಪ್ಪನವರು, ಹೊಟ್ಟು ತಲೆಯ ಮೇಲೆ ಉದುರುತ್ತಿದ್ದರೂ ವಿಚಲಿತರಾಗದೆ, ಪೇಟೆಯಲ್ಲಿ ಗ್ಯಾಸ್ ತುಂಬುವವರು ಯಾರು, ಏನು ತೆಗೆದುಕೊಳ್ಳುತ್ತಾರೆ ಎಂದು ಚಾಲಕನನ್ನು ವಿಚಾರಿಸುತ್ತಿದ್ದರು.

ನಾಗಮಂಗಲದ ಹಾದಿಯಲ್ಲಿ ಏಸಿಯು ಹಿಂದಿನ ಸಾಲಿನವರೂ ಸೆರಗು ಹೊದೆಯುವಂತೆ ಬೀಸತೊಡಗಿತು. ಎಲ್ಲರೂ ಹುಡುಗನನ್ನು ಹೊಗಳುತ್ತಿರಲು, ದೊಡ್ಡಪ್ಪನವರು ಚೀಲದಿಂದ ಮಫ್ಲರ್ ತೆಗೆದು ಕಿವಿಗೆ ಬಿಗಿದು, ತಮ್ಮ ತಲೆಯ ಮೇಲಣ ಗಾಳಿಕಿಂಡಿಗೆ ದಿನಪತ್ರಿಕೆಯನ್ನು ಮಡಿಸಿ ತುರುಕಿ, ಅಷ್ಟಕ್ಕೂ ತೃಪ್ತರಾಗದೆ ಪಕ್ಕದ ಗಾಜನ್ನು ಪೂರಾ ಇಳಿಸಿ, ಒಳನುಗ್ಗಿದ ಬಿಸಿಲುಗಾಳಿಗೆ ಮುಖವೊಡ್ಡಿ ಚಾಲಕನಿಗೆ ಹೇಳಿದರು:

"ನೋಡ್ದಾ? ಈಗ ಗ್ಯಾಸು ಜಾಸ್ತಿ ಆಗೋಗದೆ."