ಶಾನುಭೋಗರು ಕಟ್ಟಿದ ಕಾರು

ರಸಿಕರ ಜಗಳಗಳಲ್ಲಿ ನಾನಾ ವಿಧಗಳುಂಟು. ಸಂಗೀತರಸಿಕರು ಒಂದು ನಿಷಾದದ ವಿಷಯವಾಗಿ ಜೀವಮಾನವಿಡೀ ಮಾತು ಬಿಡಬಲ್ಲರು. ಕಾಫಿಯ ರಸಿಕರು ಒಂದು ಚಿಟಿಕೆ ಚಿಕೋರಿಯ ಸಲುವಾಗಿ ನಂಟಸ್ತಿಕೆಯನ್ನೇ ಮುರಿದುಕೊಳ್ಳಬಲ್ಲರು. ಆದರೆ ನಾದವನ್ನಾಗಲಿ ರುಚಿಯನ್ನಾಗಲಿ ತೂಗಿ ತೋರಿಸುವ ತಕ್ಕಡಿ ಲೋಕದಲ್ಲಿ ಇಲ್ಲದಿರುವುದರಿಂದ, ಆ ಜಗಳಗಳೆಲ್ಲ ಎಂದಾದರೂ ಒಂದು ದಿನ ‘ಅವರವರ ಅಭಿರುಚಿ’ ಎಂಬ ರಾಜಿಗೆ ಬಂದು ನಿಲ್ಲುತ್ತವೆ. ಮೋಟಾರು ಕಾರಿನ ರಸಿಕರಿಗೆ ಆ ಭಾಗ್ಯವಿಲ್ಲ. ಇಂಜಿನ್ನಿನ ಗಾತ್ರವೆಷ್ಟು, ಅಶ್ವಶಕ್ತಿಯೆಷ್ಟು, ನೂರರ ವೇಗ ಮುಟ್ಟಲು ತಗಲುವ ಸೆಕೆಂಡುಗಳೆಷ್ಟು, ಎಲ್ಲಕ್ಕಿಂತ ಮಿಗಿಲಾಗಿ ಮೈಲೇಜು ಎಷ್ಟು ಎಂದು ಅವರ ಆರಾಧ್ಯವಸ್ತುವಿನ ಮೈತುಂಬ ಅಂಕಿಗಳೇ ಇರುವುದರಿಂದ, ಅವರ ವಾದಕ್ಕೆ ಶಾಸ್ತ್ರಾರ್ಥದ ಗಾಂಭೀರ್ಯ ತಾನಾಗಿಯೇ ಪ್ರಾಪ್ತವಾಗುತ್ತದೆ. ಶಾಸ್ತ್ರಾರ್ಥದಲ್ಲಿ ಸೋಲೊಪ್ಪಿಕೊಂಡು ಮನೆಗೆ ಹೋದವರನ್ನು ನಾನಂತೂ ಕಂಡಿಲ್ಲ.

ಬಸವನಗುಡಿಯಲ್ಲಿರುವ ನನ್ನ ಮಿತ್ರರೊಬ್ಬರ ಮನೆಯ ಜಗಲಿಯಲ್ಲಿ ಭಾನುವಾರದ ಬೆಳಿಗ್ಗೆ ಇಂಥದೊಂದು ವಿದ್ವತ್ಸಭೆ ಸೇರುವ ವಾಡಿಕೆಯಿದೆ. ಮನೆಯ ಯಜಮಾನರು ನಿವೃತ್ತ ಇಂಜಿನಿಯರು. ಷೆಡ್ಡಿನಲ್ಲಿ ಹಳೆಯ ಪ್ರೀಮಿಯರ್ ಪದ್ಮಿನಿಯೊಂದನ್ನು ಹೊದಿಕೆ ಹೊದಿಸಿ ಕಾಪಾಡಿಕೊಂಡು ಬಂದಿರುವ ಅವರಿಗೆ, ಕಾರ್ಬ್ಯುರೇಟರ್ ಹೋದಂದೇ ಕಾರಿನ ಆತ್ಮವೂ ಹೋಯಿತೆಂಬ ದೃಢವಾದ ನಂಬಿಕೆ. ಎದುರುಮನೆಯ ವಕೀಲರದು ಎರಡು ಟನ್ನಿಗೆ ಹತ್ತಿರ ತೂಗುವ ಭಾರಿ ಡೀಸೆಲ್ ವಾಹನ. ತೋಟದ ರಸ್ತೆ ಚೆನ್ನಾಗಿಲ್ಲವೆಂಬ ಕಾರಣಕ್ಕೆ ಅದನ್ನು ಕೊಂಡರಂತೆ, ಆದರೆ ಆ ತೋಟವನ್ನು ಅವರು ನೋಡುವುದು ದಸರೆಯ ರಜೆಯಲ್ಲಿ ಮಾತ್ರ. ಇಂಜಿನಿಯರರ ಸೋದರಳಿಯ ಡೆಟ್ರಾಯಿಟಿನ ಆಸುಪಾಸಿನ ಮೋಟಾರು ಉದ್ಯಮದಲ್ಲಿ ದುಡಿಯುವವನು, ರಜೆಗೆ ಬಂದಿದ್ದ. ಇವರೆಲ್ಲರ ನಡುವೆ ಇಂಜಿನಿಯರರ ಅಕ್ಕ, ಗಣಿತದ ಮೇಡಂ ಆಗಿ ನಿವೃತ್ತರಾದವರು, ಒಂದು ಚಿಕ್ಕ ಕಾರನ್ನು ತಾವೇ ಓಡಿಸಿಕೊಂಡು ಬಂದು ಮೂಲೆಯ ಕುರ್ಚಿಯಲ್ಲಿ ಕುಳಿತು ಪತ್ರಿಕೆಯ ಪದಬಂಧ ತುಂಬಿಸುತ್ತಿರುತ್ತಾರೆ. ಕಾರಿನ ವಿಷಯದಲ್ಲಿ ಅವರಿಗೆ ಯಾವ ರಸಿಕತೆಯೂ ಇಲ್ಲದ ಕಾರಣ ಅವರ ಮಾತಿಗೆ ಬೆಲೆ ಹೆಚ್ಚು.

ಕಾರು ಎಷ್ಟು ಕೊಡುತ್ತದೆ ಎಂದು ಕೇಳುವುದು ನಮ್ಮ ನಾಡಿನಲ್ಲಿ ಕುಶಲಪ್ರಶ್ನೆಗೆ ಸಮಾನ. ಅದೇ ಪ್ರಶ್ನೆಯನ್ನು ಸರ್ಕಾರ ಕೇಳಿದರೆ ಮಾತ್ರ ರಸಿಕರಿಗೆ ಮೈಯೆಲ್ಲ ಉರಿಯುತ್ತದೆ. ಸರ್ಕಾರ ಕೇಳುವ ಕ್ರಮವೂ ಬೇರೆ. ನಿಮ್ಮ ಕಾರಿನ ಗೊಡವೆಗೆ ಅದು ಬರುವುದಿಲ್ಲ, ಕಾರು ಮಾಡಿದ ಕಂಪೆನಿಯನ್ನು ಕರೆದು, ವರ್ಷದಲ್ಲಿ ನೀನು ಮಾರಿದ ಕಾರುಗಳನ್ನೆಲ್ಲ ಒಟ್ಟಿಗೆ ಇಟ್ಟು ಸರಾಸರಿ ತೆಗೆದರೆ ಎಷ್ಟಾಗುತ್ತದೆ ಎಂದು ಕೇಳುತ್ತದೆ. ನಮ್ಮಲ್ಲಿ ಈ ನಿಯಮ ಜಾರಿಗೆ ಬಂದದ್ದು 2017ರಲ್ಲಿ. ಆಗ ಕಿಲೋಮೀಟರಿಗೆ 130 ಗ್ರಾಂ ಇಂಗಾಲದ ಡೈಆಕ್ಸೈಡ್ ಎಂದಿದ್ದ ಮಿತಿ, 2022ರಿಂದೀಚೆಗೆ 113 ಗ್ರಾಮಿಗೆ ಇಳಿದಿದೆ. ಪೆಟ್ರೋಲಿನ ಭಾಷೆಯಲ್ಲಿ ಹೇಳುವುದಾದರೆ, ಸರಾಸರಿ 1145 ಕಿಲೋ ತೂಗುವ ಕಾರುಗಳನ್ನು ಮಾರುವ ಕಂಪೆನಿ 100 ಕಿಲೋಮೀಟರಿಗೆ 4.77 ಲೀಟರಿನೊಳಗೆ ತನ್ನ ಸಂಸಾರ ತೂಗಿಸಬೇಕು.

“ನನ್ನ ಬಂಡಿ, ನನ್ನ ಡೀಸೆಲ್, ನನ್ನ ದುಡ್ಡು, ಮಧ್ಯದಲ್ಲಿ ಸರ್ಕಾರ ಯಾರ್ರೀ?” ಎಂದು ವಕೀಲರು ಗುಡುಗಿದರು. ದೇಶ ಉರಿಸುವ ಕಚ್ಚಾತೈಲದಲ್ಲಿ ನೂರಕ್ಕೆ ಎಂಬತ್ತಕ್ಕೂ ಮಿಕ್ಕ ಪಾಲು ಹೊರಗಿನಿಂದ ಬರುತ್ತಿರುವಾಗ ಅದು ‘ನನ್ನ ಡೀಸೆಲ್’ ಹೇಗಾಗುತ್ತದೆ ಎಂದು ಇಂಜಿನಿಯರರು ಕೇಳಿದರು. ಇದೇ ವಾದ ಅಮೆರಿಕದಲ್ಲಿ ಅರ್ಧ ಶತಮಾನದಿಂದ ನಡೆಯುತ್ತಿದೆಯೆಂದು ಅಳಿಯ ಆ ಕಥೆಯನ್ನು ತೆಗೆದ. 1973ರಲ್ಲಿ ಅರಬ್ ದೇಶಗಳು ಎಣ್ಣೆ ಕೊಡುವುದಿಲ್ಲವೆಂದಾಗ ಆ ಸಮೃದ್ಧ ದೇಶದ ಪೆಟ್ರೋಲ್ ಬಂಕುಗಳ ಮುಂದೆ ಮೈಲುದ್ದದ ಸಾಲುಗಳು ನಿಂತವು. 1975ರಲ್ಲಿ ಅಧ್ಯಕ್ಷ ಫೋರ್ಡ್ ಒಂದು ಕಾಯಿದೆಗೆ ಸಹಿ ಹಾಕಿದರು. 1978ರ ಮಾದರಿಗಳಿಂದ ಮೊದಲ್ಗೊಂಡು ಕಾರುಗಳ ಸರಾಸರಿ ಗ್ಯಾಲನ್ನಿಗೆ 18 ಮೈಲಿ ಇರತಕ್ಕದ್ದೆಂದೂ, 1985ಕ್ಕೆ 27.5 ಆಗತಕ್ಕದ್ದೆಂದೂ ವಿಧಿಯಾಯಿತು. 18 ಮೈಲಿ ಎಂದರೆ ನಮ್ಮ ಲೆಕ್ಕದಲ್ಲಿ ಲೀಟರಿಗೆ ಏಳೂವರೆ ಕಿಲೋಮೀಟರಿನ ಸುಮಾರು ಎಂದು ತಿಳಿದೊಡನೆ ವಕೀಲರ ಕೋಪವೆಲ್ಲ ಇಳಿದುಹೋಗಿ, “ಹಾಗಾದ್ರೆ 1978ರ ಕಾನೂನಿನ ಪ್ರಕಾರ ನಾನು ಸತ್ಪುರುಷ!” ಎಂದು ಎಲ್ಲರಿಗೂ ಇನ್ನೊಂದು ಸುತ್ತು ಕಾಫಿ ಕೂಗಿದರು. ಮನೆ ಇಂಜಿನಿಯರರದು ಎಂಬುದನ್ನು ಅವರು ಮರೆತಿದ್ದರು.

ಸರಾಸರಿಯ ಸ್ವರೂಪದ ಮೇಲೆ ಅಂದು ನಡೆದ ಚರ್ಚೆಯನ್ನು ಮಾತ್ರ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಒಂದು ಕಂಪೆನಿ ಎರಡೇ ಕಾರು ಮಾರಿತೆಂದೂ, ಒಂದು ಲೀಟರಿಗೆ 10 ಕಿಲೋಮೀಟರ್, ಇನ್ನೊಂದು 30 ಕಿಲೋಮೀಟರ್ ಓಡುವುದೆಂದೂ ಇಟ್ಟುಕೊಂಡರೆ ಸರಾಸರಿ ಎಷ್ಟು ಎಂದು ಅಳಿಯ ಕೇಳಿದ. 20 ಎಂದರು ವಕೀಲರು, ಉತ್ತರ ಹೇಳುವುದಕ್ಕೇ ನಾಚಿಕೆಯಾಗುವಷ್ಟು ಸುಲಭದ ಪ್ರಶ್ನೆ ಎಂಬ ಧ್ವನಿಯಲ್ಲಿ.

“15,” ಎಂದರು ಮೇಡಂ, ಪದಬಂಧದಿಂದ ತಲೆಯೆತ್ತದೆ.

“ಅದು ಹೇಗೆ ಮೇಡಂ?”

“ಎರಡನ್ನೂ ನೂರು ನೂರು ಕಿಲೋಮೀಟರ್ ಓಡಿಸಿ ನೋಡಿ. ಮೊದಲನೇದಕ್ಕೆ 10 ಲೀಟರ್ ಬೇಕು, ಎರಡನೇದಕ್ಕೆ ಮೂರೂ ಕಾಲಿಗಿಂತ ಒಂದು ಚೂರು ಜಾಸ್ತಿ. ಇನ್ನೂರು ಕಿಲೋಮೀಟರಿಗೆ ಹದಿಮೂರೂ ಚಿಲ್ಲರೆ. ಭಾಗಿಸಿ.” ಪತ್ರಿಕೆಯ ಅಂಚಿನ ಬಿಳಿಯ ಜಾಗದಲ್ಲಿ ಪುಟ್ಟ ಅಕ್ಷರಗಳಲ್ಲಿ ಲೆಕ್ಕ ಬರೆದು, ಉತ್ತರದ ಕೆಳಗೆ ಎರಡು ಗೆರೆ ಎಳೆದು ಅವರತ್ತ ಚಾಚಿದರು.

ವಕೀಲರು ಕನ್ನಡಕ ಏರಿಸಿ ಅದನ್ನು ಪ್ರತಿಪಕ್ಷದ ದಾಖಲೆಯಂತೆ ಪರಿಶೀಲಿಸಿದರು. “ಮಿಕ್ಕ 5 ಕಿಲೋಮೀಟರ್ ಯಾರು ತಿಂದರು?”

“ನಿಮ್ಮ ಬಂಡಿಯಂಥದ್ದು.”

ಹರಾತ್ಮಕ ಮಾಧ್ಯವೆಂದು ನಾವು ಬಾಲ್ಯದಲ್ಲಿ ಪರೀಕ್ಷೆಗಾಗಿ ಉರುಹೊಡೆದು ಆಮೇಲೆ ನಿಶ್ಚಿಂತೆಯಿಂದ ಮರೆತ ಪದಾರ್ಥವೇ ಅಮೆರಿಕದ ಆ ಕಾಯಿದೆಯ ಬೆನ್ನೆಲುಬಂತೆ. ಬಕಾಸುರನೊಬ್ಬನಿದ್ದರೆ ಮಿತಾಹಾರಿಗಳೆಷ್ಟು ಮಂದಿ ಕೂಡಿದರೂ ಸರಾಸರಿ ಅಷ್ಟು ಬೇಗ ಸುಧಾರಿಸದಂತೆ ಅದು ಮಾಡುತ್ತದೆ. ನಮ್ಮವರು ಮೊದಲಿಗೇ ‘100 ಕಿಲೋಮೀಟರಿಗೆ ಎಷ್ಟು ಲೀಟರ್’ ಎಂದು ಪ್ರಶ್ನೆಯನ್ನು ತಿರುಗಿಸಿ ಹಾಕಿ ಈ ತೊಡಕನ್ನು ತಪ್ಪಿಸಿಕೊಂಡಿದ್ದಾರೆ. ಮೇಡಂ ಇನ್ನೊಂದು ಲೆಕ್ಕವನ್ನೂ ಹಾಕಿದರು: 8 ಕೊಡುವ ಕಾರನ್ನು 12ಕ್ಕೆ ಏರಿಸಿದರೆ 240 ಕಿಲೋಮೀಟರಿನ ದಾರಿಯಲ್ಲಿ 10 ಲೀಟರ್ ಉಳಿಯುತ್ತದೆ, 20 ಕೊಡುವುದನ್ನು ಕಷ್ಟಪಟ್ಟು 30ಕ್ಕೆ ಏರಿಸಿದರೂ ಉಳಿಯುವುದು 4 ಲೀಟರ್ ಮಾತ್ರ. “ಅಂದ್ರೆ ದೇಶಸೇವೆ ಮಾಡೋ ಅವಕಾಶ ಎಲ್ಲರಿಗಿಂತ ನನಗೇ ಹೆಚ್ಚು,” ಎಂದು ವಕೀಲರು ಹಿಗ್ಗಿದರು. ಅವಕಾಶವೇನೋ ಇದೆ, ಉಪಯೋಗಿಸಿಕೊಂಡಿಲ್ಲ ಅಷ್ಟೇ, ಎಂದು ಮೇಡಂ ಪದಬಂಧಕ್ಕೆ ಮರಳಿದರು.

ಇಷ್ಟು ಕೇಳಿದ ಮೇಲೆ ನನಗೆ ಹೊಳೆದದ್ದೇನೆಂದರೆ, ಕಾರನ್ನು ರೂಪಿಸುವವನು ಶಿಲ್ಪಿಯೆಂದು ಈ ರಸಿಕರು ತಿಳಿದಿರುವುದು ಶುದ್ಧ ಭ್ರಾಂತಿ. ಅದನ್ನು ರೂಪಿಸುವವರು ಶಾನುಭೋಗರು. ಹಿಂದೆ ಹಳ್ಳಿಯಲ್ಲಿ ಗದ್ದೆಯ ಆಕಾರ ನಿರ್ಧಾರವಾಗುತ್ತಿದ್ದದ್ದು ನೇಗಿಲಿನಿಂದಲ್ಲ, ಶಾನುಭೋಗರ ದಫ್ತರದಿಂದ. ಈಗಿನ ಕಾರಿನ ಆಕಾರವೂ ಅಂತೆಯೇ. ನಮ್ಮ ಸರ್ಕಾರ 2006ರ ಮುಂಗಡಪತ್ರದಲ್ಲಿ ನಾಲ್ಕು ಮೀಟರಿಗೆ ಮೀರದ ಚಿಕ್ಕ ಕಾರಿಗೆ ತೆರಿಗೆ ಕಡಿಮೆ ಎಂದದ್ದೇ ತಡ, ಡಿಕ್ಕಿಯುಳ್ಳ ಉದ್ದನೆಯ ಕಾರುಗಳ ಬಾಲವನ್ನು ಮೊಟಕುಮಾಡುವ ವಿದ್ಯೆ ದೇಶದಲ್ಲಿ ಬೆಳೆಯಿತು. 2008ರ ಇಂಡಿಗೋ ಸಿ.ಎಸ್. ಆ ವಿದ್ಯೆಯ ಪ್ರಥಮ ಫಲ. 2012ರಲ್ಲಿ ಡಿಜೈರ್ ಕೂಡ ಬಾಲ ಕೊಟ್ಟು 3995 ಮಿಲಿಮೀಟರಿಗೆ ನಿಂತಿತು. ಬಾಕಿ ಐದು ಮಿಲಿಮೀಟರನ್ನು ಯಾರ ಭಯದಿಂದ ಬಿಟ್ಟರೋ! ಬಾಗಿಲಿನವರೆಗೂ ಪ್ರೀತಿಯಿಂದ ಗೆರೆ ಎಳೆದ ಚಿತ್ರಕಾರನ ಹೆಗಲ ಮೇಲೆ ಯಾರೋ ಕೈಯಿಟ್ಟು ‘ಸಾಕು, ಮುಗಿಸು’ ಎಂದಂತೆ ಆ ಕಾರುಗಳ ಹಿಂಭಾಗ ಕಾಣುವುದನ್ನು ನೀವೂ ಗಮನಿಸಿರಬಹುದು.

ಅಮೆರಿಕದ ಶಾನುಭೋಗರು ಇನ್ನೂ ಜಾಣರು. ಅಲ್ಲಿ ಕಾರಿಗೆ ಒಂದು ಮಿತಿ, ಸಣ್ಣ ಟ್ರಕ್ಕಿಗೆ ಇನ್ನೂ ಸಡಿಲವಾದ ಮಿತಿ ಇದ್ದುದರಿಂದ, ಕಾರನ್ನು ಮಿತಿಗೆ ಇಳಿಸುವುದರ ಬದಲು ಅದನ್ನು ಟ್ರಕ್ಕೆಂದು ಖಾತೆ ಬದಲಾಯಿಸುವುದು ಅಗ್ಗವಾಯಿತು. ಪಿ.ಟಿ. ಕ್ರೂಸರ್ ಎಂಬ ಮುದ್ದಾದ ವಾಹನ, ಹಿಂದಿನ ಸೀಟು ಕಳಚಿದರೆ ಚಪ್ಪಟೆ ನೆಲ ದೊರೆಯುವುದೆಂಬ ಪುಣ್ಯದಿಂದ, ಇಂಧನದ ಲೆಕ್ಕದಲ್ಲಿ ಟ್ರಕ್ಕೆನಿಸಿಕೊಂಡಿತು. ಕಾರ್ವೆಟ್ ಎಂಬ ವೇಗದ ಕಾರಿನಲ್ಲಂತೂ, ಮೆಲ್ಲಗೆ ಹೊರಟು ಎರಡನೆಯ ಗೇರಿಗೆ ಹಾಕಹೊರಟರೆ ದಂಡ ತಾನಾಗಿ ನಾಲ್ಕಕ್ಕೇ ಸರಿಯುವಂತೆ ಒಂದು ತಡೆಯನ್ನು 1989ರಿಂದ ಇಟ್ಟರು. ಪರೀಕ್ಷೆಯ ಅಂಕಗಳಿಗಾಗಿ ಇಟ್ಟ ಆ ತಡೆಯನ್ನು ತಪ್ಪಿಸುವ ಪುಟ್ಟದೊಂದು ಸಾಧನವನ್ನು ಅಂಗಡಿಯಿಂದ ಕೊಂಡು ಸಿಕ್ಕಿಸುವುದೇ ಅನೇಕ ಹೊಸ ಮಾಲೀಕರ ಮೊದಲ ಸಂಸ್ಕಾರವಾಯಿತು. ಯೂರೋಪಿನಲ್ಲಿ ಜೇಮ್ಸ್ ಬಾಂಡನ ಕಾರಿಗೆ ಹೆಸರಾದ ಆಸ್ಟನ್ ಮಾರ್ಟಿನ್ 2011ರಲ್ಲಿ ಟೊಯೋಟಾದ ಮೂರು ಮೀಟರಿನ ಗಿಡ್ಡ ಕಾರೊಂದಕ್ಕೆ ತನ್ನ ಮುಖ ಅಂಟಿಸಿ ಸಿಗ್ನೆಟ್ ಎಂದು ಮಾರಿದ್ದೂ ಸರಾಸರಿ ತಗ್ಗಿಸುವ ಸಲುವಾಗಿಯೇ ಎಂದು ರಸಿಕರೆಲ್ಲರ ನಂಬಿಕೆ.

ನಮ್ಮ ದಫ್ತರದಲ್ಲಿಯೂ ಚಮತ್ಕಾರಗಳಿಗೆ ಬರವಿಲ್ಲ. ಒಂದು ವಿದ್ಯುತ್ ಕಾರು ಮಾರಿದರೆ ಅದನ್ನು ಮೂರೆಂದು ಜಮಾ ಮಾಡಿಕೊಳ್ಳಲು ನಿಯಮವೇ ಅವಕಾಶ ಕೊಟ್ಟಿದೆ. ನಮ್ಮ ಬೆಂಗಳೂರಿನಲ್ಲಿಯೇ 2001ರಲ್ಲಿ ರಸ್ತೆಗಿಳಿದ ರೇವಾ ಕಾರಿನ ಕಾಲಕ್ಕೆ ಈ ಶಾನುಭೋಗರಿನ್ನೂ ದಫ್ತರ ಬಿಚ್ಚಿರಲಿಲ್ಲವಾಗಿ, ಪಾಪ, ಅದನ್ನು ಒಂದೆಂದೇ ಎಣಿಸಲಾಯಿತು. ಸಿಗ್ನಲಿನಲ್ಲಿ ನಿಂತೊಡನೆ ಇಂಜಿನ್ ತಾನೇ ಆರುವ ಏರ್ಪಾಡಿದ್ದರೆ ಲೆಕ್ಕದಲ್ಲಿ ನೂರಕ್ಕೆ 2ರ ಸೋಡಿ. ಚಕ್ರದ ಗಾಳಿ ಇಳಿದರೆ ದೀಪ ಹತ್ತುವ ಏರ್ಪಾಡಿಗೆ ಇನ್ನೊಂದು 2. ಈ ತಾನೇ ಆರುವ ಇಂಜಿನ್ನನ್ನು ಕಂಡರೆ ನಮ್ಮ ಇಂಜಿನಿಯರರಿಗೆ ಆಗದು. ತಮ್ಮ ಪದ್ಮಿನಿಯನ್ನು ಪ್ರತಿಯೊಂದು ಸಿಗ್ನಲಿನಲ್ಲಿಯೂ ಕೀಲಿ ತಿರುಗಿಸಿ ಆರಿಸುತ್ತಿದ್ದ, ಇಳಿಜಾರು ಕಂಡಲ್ಲೆಲ್ಲ ನ್ಯೂಟ್ರಲಿಗೆ ತಳ್ಳಿ ಪೆಟ್ರೋಲ್ ಉಳಿಸುತ್ತಿದ್ದ ಈ ಮಹನೀಯರು, ಅದನ್ನೇ ಯಂತ್ರ ಮಾಡಿದರೆ ಸ್ವಾತಂತ್ರ್ಯಹರಣವೆಂದು ಕೂಗಾಡುವುದು ನೋಡತಕ್ಕದ್ದು. ಇನ್ನು ಮೈಲೇಜಿನ ಪರೀಕ್ಷೆ ನಡೆಯುವುದು ಪ್ರಯೋಗಶಾಲೆಯಲ್ಲಿ, ಉರುಳೆಗಳ ಮೇಲೆ, ಎ.ಸಿ. ಆರಿಸಿ, 90ಕ್ಕೆ ಮೀರದ ವೇಗದಲ್ಲಿ. ಆ ಲೋಕದಲ್ಲಿ ಸಿಲ್ಕ್ ಬೋರ್ಡ್ ಇಲ್ಲ.

ಆದರೆ ವಕೀಲರಿಗೆ ಪರಮಾನಂದವಾದದ್ದು ತೂಕದ ವಿಷಯ ತಿಳಿದಾಗ. ನಮ್ಮ ನಿಯಮದಲ್ಲಿ ಮಿತಿಯೆಂಬುದು ಎಲ್ಲರಿಗೂ ಒಂದೇ ಅಲ್ಲ. ಕಂಪೆನಿಯ ಕಾರುಗಳ ಸರಾಸರಿ ತೂಕ 100 ಕಿಲೋ ಹೆಚ್ಚಿದರೆ, 100 ಕಿಲೋಮೀಟರಿಗೆ 0.2 ಲೀಟರ್ ಹೆಚ್ಚು ಕುಡಿಯುವುದಕ್ಕೆ ಅನುಮತಿಯುಂಟು. ದಪ್ಪಗಾದಷ್ಟೂ ಪಥ್ಯ ಸಡಿಲಿಸುವ ಈ ವೈದ್ಯವನ್ನು ವಕೀಲರು ಮುಕ್ತಕಂಠದಿಂದ ಹೊಗಳಿದರು. ತೂಕ ಇಳಿಸಿದ ಸಣ್ಣ ಕಾರಿನವನಿಗೆ ಇದು ದಂಡನೆಯಲ್ಲವೆ ಎಂದು ಇಂಜಿನಿಯರರು ಜಗಲಿ ಕುಟ್ಟಿದರು. ನಿಜಕ್ಕೂ ಈ ಒಂದು ಪ್ರಶ್ನೆಯ ಮೇಲೆ ದೇಶದ ಕಾರು ಕಂಪೆನಿಗಳೇ ಎರಡು ಬಣವಾಗಿವೆ. 2027ರ ಏಪ್ರಿಲಿನಿಂದ ಬರಬೇಕಾದ ಮುಂದಿನ ನಿಯಮಕ್ಕೆಂದು 2025ರ ಸೆಪ್ಟೆಂಬರಿನಲ್ಲಿ ಹೊರಬಿದ್ದ ಕರಡಿನಲ್ಲಿ, 909 ಕಿಲೋ ಮೀರದ ಸಣ್ಣ ಪೆಟ್ರೋಲ್ ಕಾರಿಗೆ ವಿಶೇಷ ರಿಯಾಯಿತಿ ಕಾಣಿಸಿಕೊಂಡಾಗ, ಸಣ್ಣ ಕಾರಿನವರು ಬಡವರ ಪಕ್ಷಪಾತಿಗಳಾದರು, ಉಳಿದವರು ಸಮಾನತೆಯ ಪಕ್ಷಪಾತಿಗಳಾದರು. ಅಂಕಿ ಅದೇಕೆ 909, 900 ಅಥವಾ 910 ಏಕಲ್ಲ ಎಂಬುದಕ್ಕೆ ಜಗಲಿಯಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಇಷ್ಟೆಲ್ಲ ಆದಮೇಲೆ ನಿಮ್ಮ ಅಮೆರಿಕದಲ್ಲಿ ಈಗ ಏನಾಗಿದೆ ಎಂದು ಮೇಡಂ ಕೇಳಿದರು. “ಕಾಯಿದೆ ಇದೆ ದೊಡ್ಡಮ್ಮ, ಹಾಗೇ ಇದೆ,” ಎಂದ ಅಳಿಯ. “ಮಿತಿ ಮೀರಿದವರಿಗೆ ಹಾಕೋ ದಂಡವನ್ನ 2025ರ ಜುಲೈಲಿ ಸೊನ್ನೆ ಡಾಲರ್ ಮಾಡಿದಾರೆ.” ಕ್ಷಣಕಾಲ ಯಾರೂ ಮಾತಾಡಲಿಲ್ಲ. ಸರ್ಕಾರದ ಹಸ್ತಕ್ಷೇಪದ ವಿರುದ್ಧ ಬೆಳಗಿನಿಂದ ಗುಡುಗುತ್ತಿದ್ದ ವಕೀಲರೇ ಎಲ್ಲರಿಗಿಂತ ಮೊದಲು ಸಿಟ್ಟಾದರು: “ಸೊನ್ನೆ ದಂಡದ ಕಾಯಿದೆಯೇ? ಮತ್ತೆ ವಕೀಲರ ಗತಿಯೇನು?”

ಈ ದುಃಖ ಅವರನ್ನು ಕೆಲಸಕ್ಕೆ ಹಚ್ಚಿತು. ಸ್ವದೇಶದ ಕರಡನ್ನಾದರೂ ಸರಿಯಾಗಿ ಓದಬೇಕೆಂದು ಅವರು ಮೇಡಂ ಅವರ ಕಾರಿನ ಆರ್.ಸಿ. ಕಾರ್ಡನ್ನು ತರಿಸಿಕೊಂಡು, ಬೆಳಕಿಗೆ ಹಿಡಿದು, ಬರಿಯ ವಾಹನದ ತೂಕದ ಕಲಮನ್ನು ಹುಡುಕಿದರು. 920 ಎಂದಿತ್ತು. ಈಗಾಗಲೇ ಮಾರಾಟವಾಗಿರುವ ಕಾರಿಗೆ ಈ ನಿಯಮದ ಸಂಬಂಧವೇ ಇಲ್ಲವೆಂಬುದನ್ನು ಅಲ್ಲಿ ಯಾರೂ ಎತ್ತಲಿಲ್ಲ.

“ಹನ್ನೊಂದು ಕಿಲೋ ಜಾಸ್ತಿ,” ಎಂದರು ವಕೀಲರು, ಗಲ್ಲ ಕೆರೆದುಕೊಳ್ಳುತ್ತ. “ಇಂಜಿನಿಯರೇ, ಸ್ಟೆಪ್ನಿ ಎಷ್ಟು ತೂಗುತ್ತೆ?”

“ಹನ್ನೆರಡು ಕಿಲೋಗಂತೂ ಕಮ್ಮಿಯಿಲ್ಲ.”

“ತೆಗೆದುಹಾಕಿ. ಬಂತಲ್ಲ 909ರ ಒಳಕ್ಕೆ!”

“ದಾರೀಲಿ ಪಂಕ್ಚರ್ ಆದರೆ?” ಎಂದರು ಮೇಡಂ.

“ಅದು ಬೇರೆ ಇಲಾಖೆ, ಮೇಡಂ.”